ಸೋರಿಯಾಸಿಸ್ ಇದೆ, ಈಗ ಹೆಬ್ಬೆರಳೂ ಊದಿದೆ: ಗೌಟ್ ಹೌದೋ ಅಲ್ವೋ ಪತ್ತೆ ಮಾಡಿಸೋದು ಹೇಗೆ

ಸೋರಿಯಾಸಿಸ್ ಇರುವವರಿಗೆ ಎಲ್ಲಾದರೂ ಕೀಲು ಊದಿದರೆ ಸುತ್ತಲಿನವರು ಹೇಳುವುದು ಒಂದೇ ಮಾತು: "ಅದೇ ಚರ್ಮದ ಕಾಯಿಲೆ, ಈಗ ಕೀಲಿಗೂ ಬಂದಿದೆ." ಎಷ್ಟೋ ಸಲ ಅದು ನಿಜವೂ ಹೌದು. ಸೋರಿಯಾಸಿಸ್ ಇದ್ದವರಲ್ಲಿ ಸುಮಾರು 30% ಜನರವರೆಗೆ ಸೋರಿಯಾಟಿಕ್ ಆರ್ಥ್ರೈಟಿಸ್ ಬರುತ್ತದೆ. ಆದರೆ ಚೆನ್ನಾಗಿಯೇ ಮಲಗಿದವರಿಗೆ ನಡುರಾತ್ರಿ ಕಾಲಿನ ಹೆಬ್ಬೆರಳು ಉರಿದು ಎಚ್ಚರವಾಗಿ, ಹೊದಿಕೆ ತಾಗಿದರೂ ತಡೆಯಲಾಗದಷ್ಟು ನೋವಾದರೆ ಅದು ಗೌಟ್, ಅಂದರೆ ಯೂರಿಕ್ ಆ್ಯಸಿಡ್ ಹರಳುಗಳು ಕೀಲಿನಲ್ಲಿ ಕೂತು ಬರುವ ಊತ, ಇರಬಹುದು. ಎರಡಕ್ಕೂ ಬಹುಕಾಲ ತಗೊಳ್ಳುವ ಔಷಧಿ ಬೇರೆ ಬೇರೆ. ಒಂದರ ಮಾತ್ರೆ ಇನ್ನೊಂದನ್ನು ವಾಸಿ ಮಾಡುವುದಿಲ್ಲ, ಕೆಲವು ಸಲ ಕೆಡಿಸುತ್ತದೆ ಕೂಡ. ಆದ್ದರಿಂದ ಊಹೆ ಬೇಡ, ಪತ್ತೆ ಮಾಡಿಸಿ.

ಚರ್ಮಕ್ಕೂ ಹೆಬ್ಬೆರಳಿಗೂ ಏನು ನಂಟು

ನಮ್ಮ ಚರ್ಮದ ಮೇಲ್ಪದರ ಹಳೆಯದು ಉದುರಿ ಹೊಸದು ಬರಲು ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್ ಇರುವ ಜಾಗದಲ್ಲಿ ಇದೇ ಕೆಲಸ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಅದಕ್ಕೇ ಅಷ್ಟು ಹೊಟ್ಟು. ಹೀಗೆ ಕೋಶಗಳು ಬೇಗ ಬೇಗ ಹುಟ್ಟಿ ಸಾಯುವಾಗ ಅವುಗಳೊಳಗಿನ ಡಿಎನ್‌ಎ ಒಡೆದು ಪ್ಯೂರಿನ್ ಅನ್ನುವ ವಸ್ತು ಹೊರಬರುತ್ತದೆ, ದೇಹ ಅದನ್ನು ಯೂರಿಕ್ ಆ್ಯಸಿಡ್ ಮಾಡುತ್ತದೆ. ಅನೇಕ ಪ್ರಾಣಿಗಳಲ್ಲಿ ಈ ಯೂರಿಕ್ ಆ್ಯಸಿಡ್ಡನ್ನು ಇನ್ನೂ ಒಡೆಯುವ ಕಿಣ್ವ ಒಂದಿದೆ, ಮನುಷ್ಯರಲ್ಲಿ ಅದು ಕೆಲಸ ಮಾಡುವುದಿಲ್ಲ. ಹೊರಗೆ ಹೋಗಬೇಕು ಅಷ್ಟೆ: ಮೂರರಲ್ಲಿ ಎರಡು ಪಾಲು ಕಿಡ್ನಿಯಿಂದ, ಉಳಿದದ್ದು ಕರುಳಿನಿಂದ.

ರಕ್ತದಲ್ಲಿ ಇದು ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ ಕರಗಿ ಉಳಿಯುವುದು ಕಷ್ಟ. ಲೋಟದ ನೀರಿಗೆ ಸಕ್ಕರೆ ಹಾಕುತ್ತಲೇ ಹೋದರೆ ಒಂದು ಹಂತದ ನಂತರ ತಳದಲ್ಲಿ ಕೂರುತ್ತದಲ್ಲ, ಹಾಗೆಯೇ ಇದೂ. ಸೂಜಿಯಂಥ ಹರಳುಗಳಾಗಿ ಕೀಲಿನೊಳಗೆ ಕೂರುತ್ತದೆ, ಅದರಲ್ಲೂ ದೇಹದ ತಣ್ಣನೆಯ ತುದಿಗಳಲ್ಲಿ. ಒಂದು ದಿನ ರೋಗನಿರೋಧಕ ಕೋಶಗಳು ಆ ಹರಳುಗಳ ಮೇಲೆ ಬೀಳುತ್ತವೆ. ಆ ಜಗಳವೇ ಗೌಟ್ ಅಟ್ಯಾಕ್.

ಆದರೆ ಚರ್ಮದ ಕೋಶಗಳದ್ದೇ ಎಲ್ಲ ತಪ್ಪು ಅಂದುಕೊಳ್ಳಬೇಡಿ. ಸೋರಿಯಾಸಿಸ್ ಜೊತೆಗೆ ಜಾಸ್ತಿ ಕಾಣುವ ತೂಕ, ಬಿಪಿ, ಶುಗರ್, ಟ್ರೈಗ್ಲಿಸರೈಡ್, ಇವೆಲ್ಲ ಗೌಟ್ ಜೊತೆಗೂ ಬರುತ್ತವೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಕಿಡ್ನಿ ಯೂರಿಕ್ ಆ್ಯಸಿಡ್ಡನ್ನು ಹೊರಗೆ ಬಿಡುವ ಬದಲು ವಾಪಸ್ ಹೀರಿಕೊಳ್ಳುತ್ತದೆ. ಅಂದರೆ ಒಂದು ಕಡೆ ತಯಾರಿ ಜಾಸ್ತಿ, ಇನ್ನೊಂದು ಕಡೆ ಹೊರಹೋಗುವುದು ಕಡಿಮೆ. ಬಹುತೇಕ ಗೌಟ್ ರೋಗಿಗಳಲ್ಲಿ ನಿಜವಾದ ತೊಂದರೆ ಇರುವುದು ಈ ಎರಡನೆಯದರಲ್ಲೇ.

ಅಮೆರಿಕದಲ್ಲಿ ಸುಮಾರು 99 ಸಾವಿರ ಗಂಡಸರು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿ ಮಾಡಿದ ಅಧ್ಯಯನವೊಂದು 2014ರಲ್ಲಿ ಹೊರಬಂತು. ಸೋರಿಯಾಸಿಸ್ ಇದ್ದವರಿಗೆ ಗೌಟ್ ಬರುವ ಸಾಧ್ಯತೆ ಇಲ್ಲದವರಿಗಿಂತ 1.7 ಪಟ್ಟು ಇತ್ತು. ಸೋರಿಯಾಸಿಸ್ ಜೊತೆ ಸೋರಿಯಾಟಿಕ್ ಆರ್ಥ್ರೈಟಿಸ್ ಕೂಡ ಇದ್ದವರಿಗೆ ಸುಮಾರು 5 ಪಟ್ಟು. ವಯಸ್ಸು, ತೂಕ, ಕುಡಿತ ಇಂಥವನ್ನೆಲ್ಲ ಲೆಕ್ಕದಲ್ಲಿ ಹೊಂದಿಸಿದ ಮೇಲೂ ಉಳಿದ ಅಂಕಿ ಇದು. ಹೆಂಗಸರಿಗಿಂತ ಗಂಡಸರಲ್ಲಿ ಏರಿಕೆ ಹೆಚ್ಚು ಕಂಡಿತು. ಹೆದರಿಕೊಂಡು ಕೂರುವ ಅಂಕಿ ಅಲ್ಲ ಇದು, ಸೋರಿಯಾಸಿಸ್ ಇರುವ ಹೆಚ್ಚಿನವರಿಗೆ ಗೌಟ್ ಬರುವುದೇ ಇಲ್ಲ. ಆದರೆ ಕೀಲು ನೋವು ಬಂದಾಗ "ಗೌಟ್ ಇರಬಹುದಾ?" ಅಂತ ಒಂದು ಸಲ ಕೇಳಲು ಇಷ್ಟು ಸಾಕು.

ನೋವು ಬರುವ ಮೊದಲೇ ಒಂದು ರಕ್ತ ಪರೀಕ್ಷೆ

ಸೋರಿಯಾಸಿಸ್‌ಗೆ ಮೆಥೊಟ್ರೆಕ್ಸೇಟ್‌ನಂಥ ಔಷಧಿ ತಗೊಳ್ಳುತ್ತಿದ್ದರೆ ಹೇಗೂ ಆಗಾಗ ರಕ್ತ ಕೊಡುತ್ತಲೇ ಇರುತ್ತೀರಿ. ಮುಂದಿನ ಸಲ ಅದರಲ್ಲೇ ಯೂರಿಕ್ ಆ್ಯಸಿಡ್ ಮತ್ತು ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಎರಡೂ ಇರಲಿ ಅಂತ ಡಾಕ್ಟರಿಗೆ ಹೇಳಿ. ಅದಕ್ಕಾಗಿ ಬೇರೆ ಸೂಜಿ ಬೇಡ. ಯಾವ ನೋವೂ ಇಲ್ಲದ ದಿನಗಳ ಅಂಕಿ ಕೈಯಲ್ಲಿದ್ದರೆ ಮುಂದೆ ಕೀಲು ಊದಿದಾಗ ಹೋಲಿಸಿ ನೋಡಲು ಒಂದು ಆಧಾರ ಇರುತ್ತದೆ. ಕೆಲವು ಲ್ಯಾಬ್‌ಗಳು ಮೈಕ್ರೋಮೋಲ್ ಲೆಕ್ಕದಲ್ಲಿ ಕೊಡುತ್ತವೆ, ಆಗ 360 ಅಂದರೆ ಹೆಚ್ಚುಕಡಿಮೆ 6 ಮಿಲಿಗ್ರಾಂ.

ಈಗ ರಿಪೋರ್ಟ್‌ನಲ್ಲಿ 7.6 ಅಂತ ಬಂತು ಅಂದುಕೊಳ್ಳಿ. ದಪ್ಪ ಅಕ್ಷರದಲ್ಲಿ, ಪಕ್ಕದಲ್ಲಿ ಬಾಣದ ಗುರುತು ಬೇರೆ. ನೋವಿಲ್ಲ, ಊತವಿಲ್ಲ. ಮಾತ್ರೆ ಶುರು ಮಾಡಬೇಕಾ? ಸಾಮಾನ್ಯವಾಗಿ ಬೇಡ. ಅಮೆರಿಕದ ಕೀಲುರೋಗ ತಜ್ಞರ ಸಂಘದ 2020ರ ಮಾರ್ಗಸೂಚಿ, ಲಕ್ಷಣ ಇಲ್ಲದೆ ಬರೀ ಅಂಕಿ ಏರಿದ್ದಕ್ಕೆ ಮಾತ್ರೆ ಶುರು ಮಾಡಬೇಡಿ ಅನ್ನುತ್ತದೆ. ಯೂರಿಕ್ ಆ್ಯಸಿಡ್ ಹೆಚ್ಚಿದ್ದವರಲ್ಲಿ ಬಹಳ ಜನಕ್ಕೆ ಗೌಟ್ ಬರುವುದೇ ಇಲ್ಲ. ಅಂಕಿ ನೋಡಿದ ತಕ್ಷಣ ಮೆಡಿಕಲ್ ಶಾಪಿಗೆ ಓಡುವುದು, ಪರಿಚಯದವರ ಚೀಟಿ ನೋಡಿ ಅದೇ ಮಾತ್ರೆ ತರುವುದು, ಇದು ನನಗೆ ಸುತರಾಂ ಇಷ್ಟವಿಲ್ಲ. ಯಾಕೆ ಅಂತ ಮುಂದೆ ಅಲೊಪ್ಯುರಿನಾಲ್ ಮಾತು ಬಂದಾಗ ಹೇಳುತ್ತೇನೆ.

ಕೀಲು ಊದಿದ ದಿನ ಏನು ಗಮನಿಸಬೇಕು

ಗಡಿಯಾರ ನೋಡಿ. ನಿಜವಾಗಿ ಹೇಳುತ್ತಿದ್ದೇನೆ. ಗೌಟ್ ಅಟ್ಯಾಕ್ ಗಂಟೆಗಳ ಲೆಕ್ಕದಲ್ಲಿ ಏರುತ್ತದೆ, ಸಾಮಾನ್ಯವಾಗಿ ರಾತ್ರಿ ಅಥವಾ ಬೆಳಗಿನ ಜಾವ ಶುರುವಾಗಿ ಒಂದು ದಿನದೊಳಗೆ ನೋವು ತುದಿ ಮುಟ್ಟುತ್ತದೆ. ಕೀಲಿನ ಮೇಲಿನ ಚರ್ಮ ಕೆಂಪಗೆ ಹೊಳೆಯುತ್ತದೆ, ಬಿಸಿಯಾಗಿರುತ್ತದೆ. ಮೊದಮೊದಲು ಒಂದೇ ಕೀಲು: ಹೆಬ್ಬೆರಳಿನ ಬುಡ, ಇಲ್ಲವೇ ಪಾದದ ಮೇಲ್ಭಾಗ, ಹರಡು, ಮಂಡಿ. ಏನೂ ಮಾಡದಿದ್ದರೂ ಒಂದೆರಡು ವಾರದಲ್ಲಿ ಇಳಿದುಹೋಗುತ್ತದೆ. ಆಮೇಲೆ ತಿಂಗಳುಗಟ್ಟಲೆ ಏನೂ ಇರುವುದಿಲ್ಲ, ಹಾಗಾಗಿ ಜನ ಮರೆತುಬಿಡುತ್ತಾರೆ.

ಸೋರಿಯಾಟಿಕ್ ಆರ್ಥ್ರೈಟಿಸ್‌ನ ನಡೆ ಬೇರೆ. ಅದು ವಾರಗಟ್ಟಲೆ ನಿಧಾನವಾಗಿ ಬರುತ್ತದೆ. ಬೆಳಗ್ಗೆ ಎದ್ದಾಗ ಅರ್ಧ ಗಂಟೆಗೂ ಹೆಚ್ಚು ಬಿಗಿತ, ಓಡಾಡಿದರೆ ಸ್ವಲ್ಪ ಸಡಿಲ. ಕೀಲು ಮಾತ್ರವಲ್ಲ, ಬೆರಳು ಬುಡದಿಂದ ತುದಿಯವರೆಗೆ ಪೂರ್ತಿ ಊದಬಹುದು. ಹಿಮ್ಮಡಿ ನೋವು, ಸೊಂಟದ ಕೆಳಗಿನ ಬೆನ್ನು ನೋವು ಜೊತೆಗಿರಬಹುದು. ಉಗುರು ನೋಡಿಕೊಳ್ಳಿ: ಸಣ್ಣ ಸಣ್ಣ ಗುಳಿ ಬಿದ್ದಿದ್ದರೆ, ಉಗುರು ಬುಡ ಬಿಟ್ಟು ಎದ್ದಿದ್ದರೆ, ಅದು ಸೋರಿಯಾಟಿಕ್ ಆರ್ಥ್ರೈಟಿಸ್ ಕಡೆಗೆ ಬೆರಳು ತೋರಿಸುತ್ತದೆ.

ಇಷ್ಟು ಸಲೀಸಾಗಿದ್ದರೆ ಈ ಬರಹವೇ ಬೇಕಿರಲಿಲ್ಲ. ಗೌಟ್‌ನಲ್ಲೂ ಒಮ್ಮೊಮ್ಮೆ ಬೆರಳು ಪೂರ್ತಿ ಊದುತ್ತದೆ. ಸೋರಿಯಾಟಿಕ್ ಆರ್ಥ್ರೈಟಿಸ್ ಇದ್ದವರಿಗೆ ಗೌಟ್ ಇಲ್ಲದೆಯೂ ಯೂರಿಕ್ ಆ್ಯಸಿಡ್ ಹೆಚ್ಚಿರಬಹುದು. ಹಳೆಯ ಗೌಟ್ ಒಂದೇ ಕೀಲಿಗೆ ನಿಲ್ಲದೆ ನಾಲ್ಕಾರು ಕೀಲಿಗೆ ಹಬ್ಬಿ ಥೇಟ್ ಸೋರಿಯಾಟಿಕ್ ಆರ್ಥ್ರೈಟಿಸ್ ಥರವೇ ಕಾಣಬಹುದು. ಇನ್ನು ಎರಡೂ ಒಟ್ಟಿಗೇ ಇರುವವರೂ ಇದ್ದಾರೆ, ಅವರ ಕಥೆಯೇ ಎಲ್ಲಕ್ಕಿಂತ ಗೋಜಲು, ಯಾಕೆಂದರೆ ಆರ್ಥ್ರೈಟಿಸ್‌ಗೆ ಒಳ್ಳೆಯ ಔಷಧಿ ನಡೆಯುತ್ತಿದ್ದರೂ ಒಂದು ಕೀಲು ಮಾತ್ರ ಆಗಾಗ ಕೈಕೊಡುತ್ತಿರುತ್ತದೆ, ಡಾಕ್ಟರು ಔಷಧಿ ಸಾಲುತ್ತಿಲ್ಲ ಅಂದುಕೊಂಡು ಇನ್ನೂ ಬಲವಾದದ್ದಕ್ಕೆ ಹೋಗುತ್ತಾರೆ.

ಹಾಗಾಗಿ ಊದಿದ ದಿನವೇ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ, ಸಾಧ್ಯವಾದರೆ ಇನ್ನೊಂದು ಕಾಲಿನದೂ ಪಕ್ಕದಲ್ಲಿ ಬರುವಂತೆ. ಯಾವಾಗ ಶುರುವಾಯಿತು, ಯಾವಾಗ ಜೋರಾಯಿತು, ಹಿಂದಿನ ಎರಡು ದಿನ ಕುಡಿತ, ಉಪವಾಸ, ಆಪರೇಷನ್, ಹೊಸ ಮಾತ್ರೆ ಏನಾದರೂ ಇತ್ತಾ, ಇಷ್ಟು ಬರೆದಿಡಿ. ಅಪಾಯಿಂಟ್‌ಮೆಂಟ್ ಸಿಗುವಷ್ಟರಲ್ಲಿ ಊತ ಇಳಿದಿರುತ್ತದೆ, ಆಗ ಈ ಫೋಟೊ ಬಿಟ್ಟರೆ ಡಾಕ್ಟರಿಗೆ ತೋರಿಸಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ಅಪಾಯಿಂಟ್‌ಮೆಂಟ್ ಕಾಯಬೇಡಿ. ಕೀಲು ಬಿಸಿಯಾಗಿ ಊದಿದೆ, ಜೊತೆಗೆ ಜ್ವರ ಅಥವಾ ಚಳಿನಡುಕ ಇದೆ ಅಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕೀಲಿನೊಳಗೆ ಸೋಂಕು ಆಗಿದ್ದರೆ ಕೆಲವೇ ದಿನಗಳಲ್ಲಿ ಕೀಲು ಹಾಳಾಗುತ್ತದೆ. ಸೋರಿಯಾಸಿಸ್‌ಗೆ ಬಯಾಲಜಿಕ್ ಇಂಜೆಕ್ಷನ್, ಮೆಥೊಟ್ರೆಕ್ಸೇಟ್, ಸೈಕ್ಲೋಸ್ಪೋರಿನ್ ತಗೊಳ್ಳುವವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ನಿಮ್ಮ ಮೈಯಲ್ಲಿ ಸೋಂಕು ಇದ್ದರೂ ಜ್ವರ ಅಷ್ಟಾಗಿ ಏರದೇ ಇರಬಹುದು.

ಯಾವ ಟೆಸ್ಟ್ ಕೇಳಬೇಕು

ಕೀಲಿನ ನೀರು ತೆಗೆದು ನೋಡುವುದೇ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ. ಊದಿದ ಕೀಲಿಗೆ ಸೂಜಿ ಹಾಕಿ ಸ್ವಲ್ಪ ದ್ರವ ತೆಗೆದು, ಧ್ರುವೀಕೃತ ಬೆಳಕಿನ ಮೈಕ್ರೋಸ್ಕೋಪ್ ಕೆಳಗೆ ಇಟ್ಟರೆ ಯೂರೇಟ್ ಹರಳುಗಳು ಸೂಜಿಗಳಂತೆ ಹೊಳೆಯುತ್ತವೆ. 1961ರಲ್ಲೇ ಮೆಕಾರ್ಟಿ ಮತ್ತು ಹಾಲಾಂಡರ್ ಅನ್ನುವ ಇಬ್ಬರು ವೈದ್ಯರು ಇದನ್ನು ತೋರಿಸಿಕೊಟ್ಟರು, ಇವತ್ತಿಗೂ ಅದೇ ಅಂತಿಮ ಪರೀಕ್ಷೆ. ಸಣ್ಣ ಕೀಲಿನಿಂದ ನೀರು ತೆಗೆಯುವುದು ಕೈ ಪಳಗಿದವರ ಕೆಲಸ, ಎಲ್ಲ ಕಡೆ ಮಾಡುವುದಿಲ್ಲ. ಆದರೂ "ನೀರು ತೆಗೆದು ಹರಳು ನೋಡಬಹುದಾ?" ಅಂತ ನೀವಾಗಿ ಕೇಳಿ. ಸೋಂಕಿನ ಅನುಮಾನ ಇದ್ದರೆ ಅದೇ ನೀರನ್ನು ರೋಗಾಣು ಬೆಳೆಯುತ್ತದಾ ಅಂತ ನೋಡುವ ಕಲ್ಚರ್ ಪರೀಕ್ಷೆಗೂ ಕಳಿಸುತ್ತಾರೆ. ಹರಳು ಸಿಕ್ಕಿತು ಅಂದಮಾತ್ರಕ್ಕೆ ಸೋಂಕು ಇಲ್ಲ ಅಂತಲೂ ಅಲ್ಲ.

ರಕ್ತದ ಯೂರಿಕ್ ಆ್ಯಸಿಡ್ ಬಗ್ಗೆ ಒಂದು ವಿಚಾರ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಅಟ್ಯಾಕ್ ನಡೆಯುತ್ತಿರುವಾಗ ಇದು ಇಳಿದು ನಾರ್ಮಲ್ ಕಾಣಬಹುದು. "ಯೂರಿಕ್ ಆ್ಯಸಿಡ್ 5.9, ಗೌಟ್ ಅಲ್ಲ ಬಿಡಿ" ಅಂತ ಅವತ್ತೇ ತೀರ್ಮಾನಿಸಿದರೆ ತಪ್ಪಾಗುವ ಸಾಧ್ಯತೆ ಇದೆ. ನೋವು ಪೂರ್ತಿ ಇಳಿದು ಎರಡು ವಾರವಾದರೂ ಕಳೆದ ಮೇಲೆ ಮತ್ತೆ ಮಾಡಿಸಬೇಕು.

ನೀರು ತೆಗೆಯಲು ಆಗದಿದ್ದರೆ ಕೀಲಿನ ಅಲ್ಟ್ರಾಸೌಂಡ್ ಅಥವಾ ಡ್ಯುಯಲ್ ಎನರ್ಜಿ ಸಿಟಿ ಸ್ಕ್ಯಾನ್ ಹರಳಿನ ಗುರುತು ತೋರಿಸುತ್ತವೆ. ಸಿಟಿಯಲ್ಲಿ ಹರಳಿಗೆ ಬೇರೆಯೇ ಬಣ್ಣ ಕೊಟ್ಟು ತೋರಿಸುತ್ತಾರೆ, ಆದರೆ ಹೊಸದಾಗಿ ಶುರುವಾದ ಗೌಟ್‌ನಲ್ಲಿ ಅದೂ ತಪ್ಪಿಸಿಕೊಳ್ಳಬಹುದು. ಎಕ್ಸ್‌ರೇ ಮೊದಲ ಹಂತದಲ್ಲಿ ಹೆಚ್ಚೇನೂ ಹೇಳುವುದಿಲ್ಲ.

ಮೊಣಕೈ ಮೇಲೂ ಒಂದು ಕಣ್ಣಿರಲಿ. ಸೋರಿಯಾಸಿಸ್‌ನ ದಪ್ಪ ಪಟ್ಟೆಗಳು ಬರುವ ಜಾಗವೂ ಅದೇ, ಗೌಟ್ ಹಳೆಯದಾದಾಗ ಹರಳಿನ ಗಂಟುಗಳು ಕೂರುವ ಜಾಗವೂ ಅದೇ. ಮೇಲಿನ ಹೊಟ್ಟು ನೋಡಿ ಸುಮ್ನೆ ಬಿಟ್ಟುಬಿಡುತ್ತೇವೆ. ಚರ್ಮದ ಕೆಳಗೆ ಗಟ್ಟಿ ಗಂಟು ಕೈಗೆ ಸಿಕ್ಕರೆ, ಕಿವಿಯ ಅಂಚಿನಲ್ಲಿ ಅಥವಾ ಬೆರಳ ಕೀಲಿನ ಮೇಲೆ ಬಿಳಿ ಚುಕ್ಕೆಯಂತೆ ಕಂಡರೆ ತೋರಿಸಿ.

ಮಾತ್ರೆಗಳ ಪಟ್ಟಿ: ಇಲ್ಲೇ ಹೆಚ್ಚು ಎಡವಟ್ಟು

ಚರ್ಮದ ಡಾಕ್ಟರು ಒಬ್ಬರು, ಬಿಪಿ ನೋಡುವವರು ಒಬ್ಬರು, ಕೀಲಿನವರು ಇನ್ನೊಬ್ಬರು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ನೀವು ತಗೊಳ್ಳುವ ಎಲ್ಲವನ್ನೂ, ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನೂ ಸೇರಿಸಿ, ಒಂದೇ ಹಾಳೆಯಲ್ಲಿ ಬರೆದು ಮೂವರಿಗೂ ತೋರಿಸಿ.

ಯೂರಿಕ್ ಆ್ಯಸಿಡ್ ಏರಿಸುವ ಔಷಧಿಗಳು ಅದರಲ್ಲೇ ಇರಬಹುದು. ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್, ನೀರು ಇಳಿಸುವ ಫ್ಯೂರೋಸಮೈಡ್, ಹೃದಯಕ್ಕೆ ಅಂತ ದಿನವೂ ತಗೊಳ್ಳುವ ಸಣ್ಣ ಆಸ್ಪಿರಿನ್, ಜೋರಾದ ಸೋರಿಯಾಸಿಸ್‌ಗೆ ಕೊಡುವ ಸೈಕ್ಲೋಸ್ಪೋರಿನ್. ಇವನ್ನು ನೀವಾಗಿ ನಿಲ್ಲಿಸಬೇಡಿ, ಆಸ್ಪಿರಿನ್ನಂತೂ ಬೇಡವೇ ಬೇಡ. ಬಿಪಿಗೆ ಬೇರೆ ಮಾತ್ರೆ ಆಗುತ್ತದಾ ಅಂತ ಕೇಳಿ. ಲೊಸಾರ್ಟಾನ್ ಅನ್ನುವುದು ಬಿಪಿಯ ಜೊತೆಗೆ ಯೂರಿಕ್ ಆ್ಯಸಿಡ್ಡನ್ನೂ ಸ್ವಲ್ಪ ಇಳಿಸುತ್ತದೆ, ಅದು ನಿಮಗೆ ಹೊಂದುತ್ತದೋ ಇಲ್ಲವೋ ಡಾಕ್ಟರು ಹೇಳಬೇಕು.

ಇನ್ನು ಅಟ್ಯಾಕ್ ಇಳಿಸುವ ಔಷಧಿ ಮೂರು ಬಗೆ, ಸೋರಿಯಾಸಿಸ್ ಇದ್ದವರಿಗೆ ಮೂರರಲ್ಲೂ ಒಂದೊಂದು ತಕರಾರು. ಐಬುಪ್ರೊಫೆನ್, ನಾಪ್ರೊಕ್ಸೆನ್ ಥರದ ನೋವಿನ ಮಾತ್ರೆಗಳು ಕಿಡ್ನಿಗೆ ಭಾರ, ಮೆಥೊಟ್ರೆಕ್ಸೇಟ್ ಜೊತೆ ಸೇರಿದರೆ ಅದು ಮೈಯಿಂದ ಹೊರಹೋಗುವುದು ನಿಧಾನವಾಗಬಹುದು, ಹಾಗಾಗಿ ರಕ್ತ ಪರೀಕ್ಷೆಯ ಮೇಲೆ ಕಣ್ಣಿಟ್ಟುಕೊಂಡೇ ಕೊಡುತ್ತಾರೆ. ಕಾಲ್ಚಿಸಿನ್ ಒಳ್ಳೆಯದು, ಅಟ್ಯಾಕ್ ಶುರುವಾದ ಒಂದು ದಿನದೊಳಗೆ ತಗೊಂಡರೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಸೈಕ್ಲೋಸ್ಪೋರಿನ್ ಅಥವಾ ಕ್ಲಾರಿಥ್ರೋಮೈಸಿನ್ ಅನ್ನುವ ಆ್ಯಂಟಿಬಯೋಟಿಕ್ ಜೊತೆ ಸೇರಿದರೆ ಅದರ ಮಟ್ಟ ವಿಷದಷ್ಟು ಏರಬಹುದು. ಭೇದಿ ಶುರುವಾದರೆ ಡೋಸ್ ಜಾಸ್ತಿಯಾಗಿದೆ ಅನ್ನುವ ಸೂಚನೆ ಅದು, ಡಾಕ್ಟರಿಗೆ ಫೋನ್ ಮಾಡಿ. ಮೂರನೆಯದು ಸ್ಟೀರಾಯ್ಡ್. ಮಾತ್ರೆಯಾಗಿ ತಗೊಂಡಾಗ ಚರ್ಮವೂ ಸೇರಿ ಎಲ್ಲ ಥಟ್ಟನೆ ಇಳಿಯುತ್ತದೆ, ನಿಲ್ಲಿಸಿದ ಮೇಲೆ ಸೋರಿಯಾಸಿಸ್ ಮೊದಲಿಗಿಂತ ಜೋರಾಗಿ ಮರಳಿ ಬರುವ ಅಪಾಯವಿದೆ. ಅಪರೂಪಕ್ಕೆ ಕೀವಿನ ಗುಳ್ಳೆಗಳ ರೂಪದಲ್ಲೂ ಏಳುತ್ತದೆ. ಹೊಸ ಡಾಕ್ಟರ ಹತ್ತಿರ ಹೋದಾಗ, ತುರ್ತು ವಿಭಾಗಕ್ಕೆ ಹೋದಾಗಲಂತೂ, "ನನಗೆ ಸೋರಿಯಾಸಿಸ್ ಇದೆ" ಅನ್ನುವುದು ನಿಮ್ಮ ಮೊದಲ ವಾಕ್ಯವಾಗಲಿ. ಒಂದೇ ಕೀಲು ಊದಿದ್ದರೆ ಆ ಕೀಲಿಗೇ ಇಂಜೆಕ್ಷನ್ ಕೊಡಲು ಆಗುತ್ತದಾ ಅಂತಲೂ ಕೇಳಬಹುದು.

ಈಗ ಅಲೊಪ್ಯುರಿನಾಲ್. ಯೂರಿಕ್ ಆ್ಯಸಿಡ್ ಇಳಿಸಲು ಸಾಮಾನ್ಯವಾಗಿ ಮೊದಲು ಕೊಡುವ ಮಾತ್ರೆ ಇದು, ಹಳೆಯದು, ಒಳ್ಳೆಯದು. ಆದರೆ ಕೆಲವೇ ಕೆಲವರಲ್ಲಿ ಇದಕ್ಕೆ ಭಯಂಕರ ಅಲರ್ಜಿ ಆಗುತ್ತದೆ: ಮೈಯೆಲ್ಲ ದದ್ದು, ಜ್ವರ, ಬಾಯಿ ಕಣ್ಣಿನಲ್ಲಿ ಹುಣ್ಣು, ಚರ್ಮ ಸುಲಿಯುವುದು. ಪ್ರಾಣಕ್ಕೇ ಬರಬಹುದು. ಹೆಚ್ಚಾಗಿ ಮೊದಲ ಎರಡು ಮೂರು ತಿಂಗಳಲ್ಲಿ ಕಾಣಿಸಿಕೊಳ್ಳುತ್ತದೆ. ಉಳಿದವರು ದದ್ದು ಕಂಡ ಕೂಡಲೇ ಗಾಬರಿಯಾಗುತ್ತಾರೆ, ಸೋರಿಯಾಸಿಸ್ ಇದ್ದವರು ಮಾತ್ರ "ಓ, ಮತ್ತೆ ಶುರುವಾಯ್ತು" ಅಂತ ಮುಲಾಮು ಹಚ್ಚಿಕೊಂಡು ಮಾತ್ರೆ ಮುಂದುವರಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಲೊಪ್ಯುರಿನಾಲ್ ಶುರು ಮಾಡಿದ ಮೇಲೆ ಹೊಸ ಜಾಗದಲ್ಲಿ ಹೊಸ ಥರದ ದದ್ದು ಬಂದರೆ ಮಾತ್ರೆ ನಿಲ್ಲಿಸಿ ಅವತ್ತೇ ಡಾಕ್ಟರನ್ನು ಕಾಣಿ. ಜ್ವರ, ಬಾಯಿ ಹುಣ್ಣು ಸೇರಿದ್ದರೆ ನೇರ ಆಸ್ಪತ್ರೆಗೆ. ಕೆಲವು ಜನಾಂಗಗಳಲ್ಲಿ, ಹಾನ್ ಚೀನೀಯರು, ಕೊರಿಯನ್ನರು, ಥಾಯ್ ಜನ, ಆಫ್ರಿಕನ್ ಅಮೆರಿಕನ್ನರಲ್ಲಿ, ಎಚ್‌ಎಲ್‌ಎ-ಬಿ 5801 ಅನ್ನುವ ಜೀನ್ ಪರೀಕ್ಷೆ ಮಾಡಿಸಿಯೇ ಶುರು ಮಾಡಲು ಸಲಹೆ ಇದೆ. ಯಾರಿಗೇ ಆದರೂ ದಿನಕ್ಕೆ 100 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆ, ಕಿಡ್ನಿ ದುರ್ಬಲವಿದ್ದರೆ ಇನ್ನೂ ಕಡಿಮೆ ಡೋಸ್‌ನಿಂದ ಶುರು ಮಾಡಿ ನಿಧಾನವಾಗಿ ಏರಿಸುವುದು ರೂಢಿ. ಪರಿಚಯದವರ ಚೀಟಿ ಬೇಡ ಅಂದದ್ದು ಇದಕ್ಕೇ.

ರೋಗನಿರೋಧಕ ಶಕ್ತಿ ತಗ್ಗಿಸುವ ಅಜಥಯೋಪ್ರಿನ್ ತಗೊಳ್ಳುತ್ತಿದ್ದರೆ ಅಲೊಪ್ಯುರಿನಾಲ್ ಆಗಲಿ, ಯೂರಿಕ್ ಆ್ಯಸಿಡ್ ಇಳಿಸುವ ಇನ್ನೊಂದು ಮಾತ್ರೆ ಫೆಬುಕ್ಸೋಸ್ಟ್ಯಾಟ್ ಆಗಲಿ ಜೊತೆಗೆ ಸೇರಿಸಬಾರದು, ಅಸ್ಥಿಮಜ್ಜೆಗೆ ಪೆಟ್ಟು ಬೀಳುತ್ತದೆ. ಇದನ್ನು ಡಾಕ್ಟರಿಗೆ ನೆನಪಿಸಲು ಸಂಕೋಚ ಬೇಡ.

ಇನ್ನೊಂದು. ಯೂರಿಕ್ ಆ್ಯಸಿಡ್ ಇಳಿಸುವ ಮಾತ್ರೆ ಶುರು ಮಾಡಿದ ಮೊದಲ ತಿಂಗಳುಗಳಲ್ಲಿ ಅಟ್ಯಾಕ್ ಜಾಸ್ತಿಯಾಗಬಹುದು. ಹಳೆಯ ಹರಳು ಕರಗಿ ಕದಲುವುದರಿಂದ ಹಾಗಾಗುತ್ತದೆ, ಮಾತ್ರೆ ಕೆಟ್ಟದ್ದು ಅಂತಲ್ಲ. ಅದಕ್ಕೇ ಜೊತೆಯಲ್ಲಿ ಮೂರರಿಂದ ಆರು ತಿಂಗಳು ಸಣ್ಣ ಡೋಸ್ ಕಾಲ್ಚಿಸಿನ್ ಕೊಡುವುದುಂಟು.

ತೂಕ, ಕುಡಿತ, ಊಟ

ತೂಕ ಇಳಿದರೆ ಸೋರಿಯಾಸಿಸ್‌ಗೂ ಒಳ್ಳೆಯದು, ಗೌಟ್‌ಗೂ ಒಳ್ಳೆಯದು. ನಿಧಾನವಾಗಿ ಇಳಿಸಿ. ವಾರಗಟ್ಟಲೆ ಉಪವಾಸ ಬಿದ್ದು ಥಟ್ಟನೆ ಇಳಿಸಲು ಹೋದರೆ ಯೂರಿಕ್ ಆ್ಯಸಿಡ್ ಏರಿ ಅಟ್ಯಾಕ್ ಬರುತ್ತದೆ. ಬಿಯರ್ ಎರಡಕ್ಕೂ ಕೆಟ್ಟದ್ದು, ಮೆಥೊಟ್ರೆಕ್ಸೇಟ್ ಮೇಲಿದ್ದರೆ ಲಿವರ್‌ಗೆ ಇನ್ನೂ ಕೆಟ್ಟದ್ದು. ಸಿಹಿ ಪಾನೀಯಗಳನ್ನು ಬಿಡಿ, ಅದರಲ್ಲಿರುವ ಫ್ರಕ್ಟೋಸ್ ಒಡೆಯುವಾಗಲೇ ಯೂರಿಕ್ ಆ್ಯಸಿಡ್ ತಯಾರಾಗುತ್ತದೆ. ಲಿವರ್, ಕಿಡ್ನಿಯಂಥ ಒಳಮಾಂಸ, ಕೆಂಪು ಮಾಂಸ, ಕೆಲವು ಸಮುದ್ರದ ಮೀನು ಕಡಿಮೆ ಮಾಡಿ. ನೀರು ಕುಡಿಯಿರಿ. ಬಟಾಣಿ, ಪಾಲಕ್, ಅಣಬೆ ಮುಟ್ಟಲೇಬಾರದು ಅಂತ ಉದ್ದುದ್ದ ಪಟ್ಟಿ ಓಡಾಡುತ್ತಿರುತ್ತದಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ತರಕಾರಿಯ ಪ್ಯೂರಿನ್‌ನಿಂದ ಗೌಟ್ ಹೆಚ್ಚುವುದು ದೊಡ್ಡ ಅಧ್ಯಯನಗಳಲ್ಲಿ ಕಂಡಿಲ್ಲ. ಕೊಬ್ಬು ತೆಗೆದ ಹಾಲು, ಮೊಸರು ಒಳ್ಳೆಯದೇ.

ಆದರೆ ಪಥ್ಯ ಒಂದರಿಂದಲೇ ಗೌಟ್ ಹೋಗಲಿ ಅಂತ ಹಟ ಬೇಡ. ಎಷ್ಟು ಕಟ್ಟುನಿಟ್ಟಾಗಿದ್ದರೂ ಸಾಮಾನ್ಯವಾಗಿ ಇಳಿಯುವುದು ಸುಮಾರು 1 ಮಿಲಿಗ್ರಾಂ. 9 ಇದ್ದವರು 8ಕ್ಕೆ ಬಂದರೆ ಹರಳು ಕರಗುವುದಿಲ್ಲ.

ಗೌಟ್ ಅಂತ ಖಚಿತವಾದ ಮೇಲೆ

ಹಾಗಾದರೆ ಎಷ್ಟಕ್ಕೆ ಇಳಿಯಬೇಕು? 6ಕ್ಕಿಂತ ಕೆಳಗೆ. ಗಂಟುಗಳು ಕಟ್ಟಿಕೊಂಡಿದ್ದರೆ 5ಕ್ಕಿಂತ ಕೆಳಗೆ ಇಡಲು ನೋಡುತ್ತಾರೆ. ಡೋಸ್ ಹೊಂದಿಸುವಾಗ ಕೆಲವು ವಾರಗಳಿಗೊಮ್ಮೆ ರಕ್ತ ಪರೀಕ್ಷೆ, ಗುರಿ ಮುಟ್ಟಿದ ಮೇಲೆ ಆರು ತಿಂಗಳಿಗೊಮ್ಮೆ ಸಾಕಾಗುತ್ತದೆ. ಸೋರಿಯಾಸಿಸ್‌ನ ಬಯಾಲಜಿಕ್ ಅಥವಾ ಮೆಥೊಟ್ರೆಕ್ಸೇಟ್ ಈ ಹರಳುಗಳನ್ನು ಕರಗಿಸುವುದಿಲ್ಲ, ಹಾಗೆಯೇ ಅಲೊಪ್ಯುರಿನಾಲ್ ನಿಮ್ಮ ಚರ್ಮ ಸರಿಮಾಡಲು ಇರುವ ಔಷಧಿ ಅಲ್ಲ. ಅದರ ಪಾಡಿಗೆ ಅದು, ಇದರ ಪಾಡಿಗೆ ಇದು ನಡೆಯಬೇಕು.

ಒಂದು ವರ್ಷ ಅಟ್ಯಾಕ್ ಬರದಿದ್ದರೆ ಮಾತ್ರೆ ಬಿಟ್ಟುಬಿಡೋಣ ಅನ್ನಿಸುವುದು ಸಹಜ, ಅದರಲ್ಲೂ ದಿನಕ್ಕೆ ಹಿಡಿಯಷ್ಟು ಮಾತ್ರೆ ನುಂಗುವವರಿಗೆ. ಬಿಟ್ಟ ಒಂದೆರಡು ವಾರದಲ್ಲೇ ಯೂರಿಕ್ ಆ್ಯಸಿಡ್ ಹಳೆಯ ಜಾಗಕ್ಕೆ ಮರಳುತ್ತದೆ, ಅಟ್ಯಾಕ್ ಮಾತ್ರ ಎಷ್ಟೋ ತಿಂಗಳು ಬಿಟ್ಟು ಬರುತ್ತದೆ. ಆಗ ಮತ್ತೆ ಎಲ್ಲರೂ ಸೋರಿಯಾಸಿಸ್ ಕಡೆಗೇ ನೋಡುತ್ತಾರೆ. ಹಾಗೇನಾದರೂ ಬಿಟ್ಟಿದ್ದರೆ, ಬಿಟ್ಟ ತಾರೀಕು ನಿಮ್ಮ ಮಾತ್ರೆಗಳ ಪಟ್ಟಿಯ ಆ ಹಾಳೆಯಲ್ಲಿ ಬರೆದಿಡಿ.